ಬಾಯಿ ಗೀರಿದ ರಾಣಿ

ಆ ತಂಬಿಗೆಗೆ ಕೈ ಹಾಕುವ ಮೊದಲೇ ಅಕ್ಬರಸಾಬ ಈರೇಶನ ಮಣಿಕಟ್ಟು ಹಿಡಿದುಕೊಂಡ.

“ಇದೊಂದ ಬಿಡ್ರಿ ಸಾಹೇಬ್ರ. ಬ್ಯಾರೆ ಏನ್ ಬೇಕು ಅದನ್ನ ತಗೋರಿ.”

ಗುಡಗೇರಿಯ ಸಂತೆ. ನೆತ್ತಿಯ ಮೇಲಿನ ಬಿಸಿಲಿಗೆ ಚೀಲಗಳಲ್ಲಿದ್ದ ಒಣಮೆಣಸಿನಕಾಯಿಯ ಘಾಟು ಎದ್ದು ಸಂತೆಗೆ ಸಂತೆಯೇ ಸೀನುತ್ತಿತ್ತು. ಅಕ್ಬರಸಾಬ ಹಳೆಯ ತಾಮ್ರ ಹಿತ್ತಾಳೆಯ ವ್ಯಾಪಾರಿ. ಗೋಣಿತಟ್ಟಿನ ಮೇಲೆ ಮುರುಕು ದೀಪದ ಸಮೆ, ಕಿವಿಯಿಲ್ಲದ ಹಂಡೆ, ಬತ್ತಿಯಿಲ್ಲದ ದೀಪ ಹರವಿಕೊಂಡು ಕೂತಿರುತ್ತಿದ್ದ. ಈರೇಶ ಪ್ರತಿ ವಾರ ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತು, ತಗಡಿನ ತಾಟಿನಲ್ಲಿ ರಾಶಿ ಬಿದ್ದಿರುತ್ತಿದ್ದ ತಾಮ್ರದ ದುಡ್ಡುಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದ. ಕಂಪನಿ ಸರಕಾರದವು, ಆಮೇಲೆ ರಾಣಿ ಛಾಪಿನವು, ರಾಜನ ಛಾಪಿನವು. ಅವನಿಗೆ ಬೇರೆ ಯಾವ ಚಟವೂ ಇರಲಿಲ್ಲ. ಹೆಂಡತಿ ನಂದಾಳಿಗೆ ಸಂಶಿಯ ಪ್ರಾಥಮಿಕ ಶಾಲೆಗೆ ವರ್ಗವಾದಾಗ ಹುಬ್ಬಳ್ಳಿಯ ಔಷಧಿ ಅಂಗಡಿ ಮುಚ್ಚಿ ಆ ಊರಲ್ಲಿ ಬಂದು ತೆರೆದವನು ಅವನು. ಊರಿಗೆ ಬಂದು ಎಂಟು ತಿಂಗಳಾಗಿತ್ತು. ಹಳ್ಳಿಯ ಮನೆಗಳ ಅಡಕಲಿನಲ್ಲಿ ಇನ್ನೂ ಎಷ್ಟು ತಾಮ್ರ ಮಲಗಿದೆಯೆಂಬುದು ಗೊತ್ತಾದ ಮೇಲೆ ಹುಬ್ಬಳ್ಳಿಯನ್ನು ಅವನು ಮರೆತೇಬಿಟ್ಟಿದ್ದ.

ತಂಬಿಗೆ ಕೂಸಿನ ಮುಷ್ಟಿಯಷ್ಟಿತ್ತು. ಬಾಯಿಗೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಕರಿ ಅರಗು ಹೊಯ್ದಿದ್ದರು. ಅಲುಗಾಡಿಸಿದರೆ ಒಳಗೆ ಮಂದವಾಗಿ ಸದ್ದಾಗುತ್ತಿತ್ತು. ಕಾಲಾಣೆಯ ಸದ್ದು ಅದು. ಈರೇಶನ ಕಿವಿ ಅದನ್ನು ಎಲ್ಲಿದ್ದರೂ ಗುರುತಿಸುತ್ತಿತ್ತು.

“ಎಲ್ಲಿ ಸಿಕ್ತು ಕಾಕಾ?”

“ಯಮನೂರು ಕಡೀದ್ರಿ. ಹಳೇ ಮನಿ ಕೆಡವಿದಾಗ ಹೊಸ್ತಿಲ ಬುಡಕ ಇತ್ತು. ಮೈಲಾರವ್ವ ಅಂತ, ಆ ಮನಿ ಮುದುಕಿ, ನನ್ನ ಕೈಯಾಗ ಕೊಡೂಮುಂದ ಆಣಿ ಮಾಡಿಸ್ಯಾಳ. ಮುಚ್ಚಿದ್ದು ಮುಚ್ಚಿದಂಗ ಕುಲುಮಿಗೆ ಹಾಕು, ಬಾಯಿ ತಗೀಬ್ಯಾಡ ಅಂತ.”

“ತಗದ್ರ ಏನಾಗತೈತೆಂತ?”

ಅಕ್ಬರಸಾಬ ಸುತ್ತ ನೋಡಿ ದನಿ ಇಳಿಸಿದ. “ಅದರ ಬಾಯಿ ತಗದ್ರ ಮಂದಿ ಬಾಯಿ ಮುಚ್ಚತಾವಂತ್ರಿ.”

ಈರೇಶ ಗಟ್ಟಿಯಾಗಿ ನಕ್ಕ. “ಮುಚ್ಚಲಿ ಬಿಡು ಕಾಕಾ. ಬಾಯಿ ತಗಿಸೂ ಔಷಧಾನೂ ನನ್ನ ಅಂಗಡ್ಯಾಗ ಐತಿ.”

ಅಕ್ಬರಸಾಬ ನಗಲಿಲ್ಲ. ತಂಬಿಗೆಯನ್ನು ಗೋಣಿಯ ಕೆಳಗೆ ಸರಿಸಿದ. ನಮಾಜಿನ ಹೊತ್ತಾಗಿತ್ತು. ಸಾಮಾನು ನೋಡಿಕೊಳ್ಳಿರೆಂದು ಹೇಳಿ ಎದ್ದು ಹೋದ. ಅವನು ತಿರುವಿನಲ್ಲಿ ಮರೆಯಾದ ಕೂಡಲೇ ಈರೇಶ ತಕ್ಕಡಿಯ ಕಲ್ಲಿನ ಕೆಳಗೆ ನೋಟೊಂದನ್ನು ಇಟ್ಟ, ಗೋಣಿ ಎತ್ತಿದ, ತಂಬಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬೈಕು ಹತ್ತಿದ. ಕದ್ದಂತೆ ಆಗಲಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಮನೆಯಲ್ಲಿ ಯಾರೂ ಇರಲಿಲ್ಲ. ನಂದಾ ಶಾಲೆಯಲ್ಲಿದ್ದಳು, ಆರು ವರ್ಷದ ಮಗಳು ಸೀಮಾ ಅದೇ ಶಾಲೆಯ ಒಂದನೇ ತರಗತಿಯಲ್ಲಿ. ಮುಂದಿನ ಪಡಸಾಲೆಯಲ್ಲಿ ಮನೆಯೊಡತಿ ಗೌರಕ್ಕ ಕೌದಿ ಹೊದ್ದು ಮಲಗಿದ್ದಳು. ಎಂಬತ್ತರ ಮುದುಕಿಗೆ ಜೊತೆಗಿದ್ದದ್ದು ಅಂಗಳದಲ್ಲಿ ಕಟ್ಟಿದ ಒಂದು ಆಡು ಮಾತ್ರ.

ಈರೇಶ ಕಿಟಕಿಯ ಪಕ್ಕದ ಮೇಜಿನ ಮೇಲೆ ಕಾಗದ ಹಾಸಿದ. ಬ್ಲೇಡು ಕಾಯಿಸಿ ಅರಗು ಬಿಡಿಸಿದ. ಬಟ್ಟೆ ಬೂದಿಯಂತೆ ಉದುರಿತು. ಆಗ ವಾಸನೆ ಎದ್ದಿತು. ಸುಟ್ಟ ಕೂದಲು, ಕಮಟು ಹರಳೆಣ್ಣೆ, ಅದರ ಅಡಿಯಲ್ಲಿ ಇನ್ನೊಂದು ಏನೋ. ಬಹಳ ದಿನ ಉಪವಾಸವಿದ್ದ ರೋಗಿ ಬಾಯಿ ತೆರೆದಾಗ ಬರುವಂಥದ್ದು. ಔಷಧಿ ಅಂಗಡಿಯವನಿಗೆ ಆ ವಾಸನೆ ಗೊತ್ತಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡ.

ಮೂರು ದುಡ್ಡುಗಳಿದ್ದವು. ಪ್ರತಿಯೊಂದಕ್ಕೂ ಕೂದಲು ಸೇರಿಸಿ ಹೊಸೆದ ಕರಿದಾರವನ್ನು ಅಡ್ಡಡ್ಡ ಸುತ್ತಿ ಗಂಟು ಹಾಕಿದ್ದರು. ಚಿಮಟದಲ್ಲಿ ಹಿಡಿದು, ಕತ್ತರಿಯಿಂದ ಒಂದೊಂದೇ ದಾರ ಕೊಯ್ದ. ಮೂರನೆಯದು ಕಳಚಿದಾಗ ಕೋಣೆಯಲ್ಲಿ ಯಾರೋ ಬಹಳ ಹೊತ್ತಿನಿಂದ ಕಟ್ಟಿಹಿಡಿದಿದ್ದ ಉಸಿರನ್ನು ಬಿಟ್ಟ ಹಾಗಾಯಿತು. ಕಿಟಕಿಯ ಪರದೆ ಅಲುಗಿತೇನೋ ಎಂದುಕೊಂಡ. ಪರದೆ ಅಲುಗಿರಲಿಲ್ಲ.

ಹುಣಸೆಹಣ್ಣು ಹಚ್ಚಿ ತಿಕ್ಕಿದ. ಹಳೆಯ ದುಡ್ಡನ್ನು ತೊಳೆಯಬಾರದೆಂದು ಅವನಿಗೆ ಗೊತ್ತಿತ್ತು. ಆದರೂ ಇಸವಿ ಓದುವ ಆಸೆ ತಡೆಯಲಾಗಲಿಲ್ಲ. ಕೆಂಪಗೆ ಬೆಳಗಿದ ತಾಮ್ರದಲ್ಲಿ ರಾಣಿಯ ಮುಖ ಮೂಡಿತು. ಕಿರೀಟ, ಜಡೆ, ಕೊರಳ ಸರ, ಎಲ್ಲ ಸರಿಯಾಗಿದ್ದವು. ಬಾಯಿ ಇರಲಿಲ್ಲ. ಮೂರರ ಮೇಲೂ ತುಟಿಯಿದ್ದ ಜಾಗವನ್ನು ಮೊಳೆಯಿಂದ ಆಳವಾಗಿ ಗೀರಿ ಕಿತ್ತಿದ್ದರು. ಹಿಂಬದಿಯಲ್ಲಿ ಸೊಟ್ಟ ಅಕ್ಷರದಲ್ಲಿ ಯಾರದೋ ಹೆಸರುಗಳು.

“ಥೂ, ಕೆಡಿಸಿಟ್ಟಾರ,” ಎಂದು ಗೊಣಗಿದ. ಆದರೆ ಒಂದರ ಮೇಲೆ ಹದಿನೆಂಟುನೂರಾ ತೊಂಬತ್ತೆರಡು ಎಂದಿತ್ತು. ಅವನ ಸಂಗ್ರಹದಲ್ಲಿ ಆ ಇಸವಿಯ ಮನೆ ಆರು ವರ್ಷದಿಂದ ಖಾಲಿ ಇತ್ತು. ಮೂರನ್ನೂ ಆಲ್ಬಮ್ಮಿಗೆ ಸೇರಿಸಿ, ಆಲ್ಬಮ್ಮನ್ನು ಅಂಗಡಿಯ ಮೇಜಿನ ಸೇದುಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ. ಕಾಗದ ಮಡಚಿ ಅಂಗಳಕ್ಕೆ ಎಸೆದಾಗ ಒಂದು ದಾರ ಅದರೊಂದಿಗೆ ಹೋಯಿತು. ಇನ್ನೊಂದನ್ನು ಚಿಮಟದಿಂದ ಎತ್ತಿ ಖಾಲಿ ತಂಬಿಗೆಗೆ ಹಾಕಿದ. ಮೂರನೆಯದು ಎಲ್ಲಿ ಬಿತ್ತೆಂದು ಅವನು ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಗೌರಕ್ಕ ಕೂಗಿದಳು. “ಈರೇಶಾ, ಬಾರೋ ಇಲ್ಲಿ. ಆಡಿಗೆ ಏನಾಗೇತಿ ನೋಡು. ಕಾಗದಾ ತಿಂದೈತಿ, ಆವಾಗಿಂದ ಬಾಯಿ ತಗೀವಲ್ದು.”

ಆಡು ಗೂಟದ ಸುತ್ತ ತಿರುಗುತ್ತಿತ್ತು. ಹೊಟ್ಟೆ ಏರಿಳಿಯುತ್ತಿತ್ತು, ಕೊರಳು ಚಾಚುತ್ತಿತ್ತು, ಒದರಲು ಹವಣಿಸುತ್ತಿತ್ತು. ಸದ್ದಿಲ್ಲ. ತುಟಿಗೆ ತುಟಿ ಹೊಲಿದಂತೆ ಕೂಡಿಕೊಂಡಿತ್ತು. ಈರೇಶ ಬೆರಳು ತೂರಿಸಿ ನೋಡಿದ, ಚಮಚದ ಹಿಡಿಕೆಯಿಂದ ಎಬ್ಬಿಸಿ ನೋಡಿದ.

“ಧನುರ್ವಾಯು ಗೌರಕ್ಕಾ. ತುಕ್ಕಿನ ತಂತಿ ಚುಚ್ಚಿರಬೇಕು.”

ಹಾಗೆಂದನೇ ಹೊರತು ಧನುರ್ವಾಯುವಿಗೆ ಮೈಯೆಲ್ಲ ಸೆಟೆಯುತ್ತದೆಂದು ಅವನಿಗೆ ಗೊತ್ತಿತ್ತು. ಆಡಿನ ಮೈ ಮೆತ್ತಗೇ ಇತ್ತು.

ಅದರ ಮರುದಿನ ಗುಡಗೇರಿಗೆ ಹೋಗುವ ಕೆಲಸ ಬಿತ್ತು. ಅಕ್ಬರಸಾಬನ ಮನೆಯ ಮುಂದೆ ಬೈಕು ನಿಲ್ಲಿಸಿ ಖಾಲಿ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ. “ತಗೋ ಕಾಕಾ. ಬಾಯಿ ತಗದೀನಿ. ನನ್ನ ಬಾಯಿ ಚಲೋನ ಐತಿ, ನಿನ್ನದೂ ಐತಿ.”

ಅಕ್ಬರಸಾಬ ಬೈಯಲಿಲ್ಲ. ಮುಖ ಬಿಳಿಚಿತು. ತಂಬಿಗೆಯೊಳಗೆ ಬೆರಳು ಹಾಕಿದ, ತುಂಡು ದಾರ ಅದಕ್ಕೆ ಸುತ್ತಿಕೊಂಡು ಬಂತು. ಜಾಡಿಸಿದ. ಬಿಡಲಿಲ್ಲ. “ಏನ್ ಮಾಡಿದ್ರಿ ಸಾಹೇಬ್ರ,” ಎಂದಷ್ಟೇ ಅಂದ.

ಆರನೆಯ ದಿನ ಗೌರಕ್ಕನ ಆಡು ಸತ್ತಿತು. ಮೂಗಿನ ಹೊಳ್ಳೆಗಳೂ ಮುಚ್ಚಿಕೊಂಡಿದ್ದವು.

ಅದನ್ನು ಹೂಳಿಸಿ ಬಂದ ಮಧ್ಯಾಹ್ನ ಈರೇಶ ಅಂಗಡಿಯಲ್ಲಿ ಒಬ್ಬನೇ ಇದ್ದ. ಬಸ್ಸು ಹೋದ ಮೇಲೆ ಬೀದಿ ಖಾಲಿಯಾಗಿತ್ತು. ಮೊಣಕಾಲಿನ ಹತ್ತಿರ, ಸೇದುಪೆಟ್ಟಿಗೆಯ ಒಳಗಿನಿಂದ, ಬಹಳ ದೂರದಲ್ಲೆಂಬಂತೆ ಆಡು ಒದರಿತು.

ಬೀದಿಯ ಕಡೆ ನೋಡಿದ. ಆಡು ಇರಲಿಲ್ಲ. ಮತ್ತೆ ಒದರಿತು. ಬೀಗ ತೆಗೆದ. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆ ಒಳಗಿನಿಂದ ಬೆವೆತಿತ್ತು. ಮೂರರಲ್ಲಿ ಎರಡು ದುಡ್ಡುಗಳ ಮೇಲೆ ಗೀರು ಮಾಯವಾಗಿತ್ತು. ರಾಣಿಗೆ ಬಾಯಿ ಬಂದಿತ್ತು. ತೆಳ್ಳನೆಯ, ನುಣ್ಣನೆಯ ತುಟಿಗಳು. ಒದ್ದೆಯಾಗಿದ್ದವು.

ಫಟ್ಟನೆ ಆಲ್ಬಮ್ಮು ಮುಚ್ಚಿದ. ಬೇರೆ ಯಾವುದೋ ದುಡ್ಡು ಅದಲುಬದಲಾಗಿರಬೇಕೆಂದ. ನಿದ್ದೆ ಕಡಿಮೆಯಾಗಿದೆಯೆಂದ. ಅಷ್ಟರಲ್ಲಿ ಫೋನು ಬಂತು. ಅಕ್ಬರಸಾಬನ ಮಗ ದಾನೀಶ್.

“ಹುಬ್ಬಳ್ಳಿ ದವಾಖಾನ್ಯಾಗದೀವ್ರಿ. ಅಪ್ಪ ಬಾಯಿ ಮುಚ್ಚಿ ಐದು ದಿನಾತು. ಕಾಗದದಾಗ ನಿಮ್ಮ ಹೆಸರು ಬರದಾನ, ದಾರದ ಸುದ್ದೀನೂ ಬರದಾನ. ಬರ್ರಿ.”

ವಾರ್ಡಿನಲ್ಲಿ ಫಿನಾಯಿಲಿನ ವಾಸನೆ ಇರಬೇಕಿತ್ತು. ಅಕ್ಬರಸಾಬನ ಮಂಚದ ಸುತ್ತ ಸುಟ್ಟ ಕೂದಲಿನ ವಾಸನೆಯಿತ್ತು. ಮುದುಕ ದಿಂಬಿಗೊರಗಿ ಕೂತಿದ್ದ. ಕೈಕಾಲು ಚೆನ್ನಾಗಿದ್ದವು, ಕಣ್ಣು ಚುರುಕಾಗಿದ್ದವು. ಆದರೆ ಗಡ್ಡ ಮೀಸೆಯ ನಡುವೆ ತುಟಿಯ ಗೆರೆ ಇರಲಿಲ್ಲ. ಹಳೆಯ ಗಾಯ ಮಾಯ್ದಂತೆ ಚರ್ಮಕ್ಕೆ ಚರ್ಮ ಕೂಡಿತ್ತು. ಮೂಗಿನ ಹೊಳ್ಳೆ ಕಿರಿದಾಗುತ್ತ ಬಂದದ್ದನ್ನು ಕಂಡು ವೈದ್ಯರು ಆ ಬೆಳಿಗ್ಗೆ ಕೊರಳಿಗೆ ತೂತು ಮಾಡಿ ನಳಿಕೆ ಇಟ್ಟಿದ್ದರು. ತಮ್ಮ ಅನುಭವದಲ್ಲಿ ಇಂಥದ್ದನ್ನು ಕಂಡಿಲ್ಲವೆಂದು ಅವರೇ ದಾನೀಶ್‌ನಿಗೆ ಹೇಳಿದ್ದರು.

ಈರೇಶ ರಾತ್ರಿಯೆಲ್ಲ ಅಲ್ಲೇ ಕೂತ. ನಸುಕಿನಲ್ಲಿ ನಳಿಕೆ ತಾನಾಗಿ ಹೊರಬಂದು ಹಾಸಿಗೆಯ ಮೇಲೆ ಬಿತ್ತು. ದಾನೀಶ್ ಕೂಗಿದ. ವೈದ್ಯರು ಓಡಿಬಂದರು. ತೂತಿನ ಅಂಚು ಕೂಡುತ್ತಿತ್ತು. ಕಣ್ಣೆದುರಿಗೇ. ಹಿಗ್ಗಿಸಿದರು. ಕೂಡಿತು. ಕೊಯ್ದರು. ಕೂಡಿತು. ಹೊಳ್ಳೆ ಕೂಡಿತು. ಎದೆ ಎದ್ದಿತು. ಇಳಿಯಲಿಲ್ಲ. ಅಕ್ಬರಸಾಬ ಈರೇಶನ ಕೈ ಹಿಡಿದ. ಬಿಗಿಯಾಗಿ. ಇನ್ನೂ ಬಿಗಿಯಾಗಿ. ಆಮೇಲೆ ಆ ಹಿಡಿತ ಸಡಿಲಿತು.

ದಾನೀಶ್ ಗೋಡೆಗೆ ಹಣೆಯಿಟ್ಟು ನಿಂತಿದ್ದ. ತಿರುಗದೆಯೇ ಕೇಳಿದ. “ದಾರ ಎಷ್ಟಿದ್ವು?”

“ಮೂರು.”

“ಒಂದು ಅಪ್ಪಗ ಸುತ್ತಿಕೊಂತು. ಉಳಿದದ್ದು?”

ಒಂದನ್ನು ಆಡು ತಿಂದಿತ್ತು. ಮೂರನೆಯದು? ಈರೇಶನ ಜೇಬಿನಲ್ಲಿ ಫೋನು ನಡುಗಿತು. ನಂದಾಳ ಧ್ವನಿ ಮೂರು ತರಗತಿಗಳಾಚೆ ಕೇಳುವಂಥದ್ದು, ಇವತ್ತು ಪಿಸುಮಾತಿನಷ್ಟಿತ್ತು.

“ಲಗೂನ ಬರ್ರಿ. ಸೀಮಾ ಬಾಯಿ ತಗೀವಲ್ಲಳು.”

ಹಿಂದಿನ ಸಂಜೆ ಮೇಜಿನ ಕಾಲಿನ ಹತ್ತಿರ ಸಿಕ್ಕ ಕರಿದಾರವನ್ನು ಸೀಮಾ ಗೊಂಬೆಯ ಜಡೆಗೆ ಕಟ್ಟಿ ಆಡಿದ್ದಳು. ಈಗ ಗೊಂಬೆಯನ್ನು ಎದೆಗೊತ್ತಿಕೊಂಡು ಮೂಲೆಯಲ್ಲಿ ಕೂತಿದ್ದಳು. ಕೆನ್ನೆ ನೀರಿನಿಂದ ತೊಯ್ದಿತ್ತು. ತಾಯಿ ಹಾಲು ಕುಡಿಸಲು ನೋಡಿದ್ದಳು, ಹಾಲೆಲ್ಲ ಕೊರಳಿಗಿಳಿದು ಲಂಗ ನೆನೆದಿತ್ತು. ಎದ್ದ ಕ್ಷಣದಿಂದ ಮಲಗುವ ತನಕ ವಟಗುಟ್ಟುವ ಹುಡುಗಿ. ಅಪ್ಪನನ್ನು ಕಂಡು ಬಾಯಿಯತ್ತ ಬೆರಳು ತೋರಿಸಿದಳು. ಅವನು ಸರಿಮಾಡುತ್ತಾನೆಂದು ಅವಳಿಗೆ ಖಾತ್ರಿಯಿತ್ತು. ಊರಿಗೆಲ್ಲ ಔಷಧ ಕೊಡುವವನು ಅಪ್ಪ.

ದವಾಖಾನೆಗೆ ಒಯ್ದರು. ಚಿತ್ರ ತೆಗೆದರು, ರಕ್ತ ನೋಡಿದರು. ಎಲುಬು ಸರಿ, ನರ ಸರಿ. ಮೂಗಿನಿಂದ ನಳಿಕೆ ಇಳಿಸಿ ಹಾಲು ಕೊಟ್ಟರು. ಎರಡನೆಯ ದಿನ ವೈದ್ಯರು ಕೊರಳಿಗೆ ತೂತು ಮಾಡುವ ಮಾತೆತ್ತಿದಾಗ ಈರೇಶ ಸಹಿ ಹಾಕಿ ಮಗಳನ್ನು ಬಿಡಿಸಿಕೊಂಡ. ಮಂತ್ರ ಮಾಟವೆಂದರೆ ನಗುತ್ತಿದ್ದವನು, ಬಾಡಿಗೆ ಕಾರಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ನೇರವಾಗಿ ಯಮನೂರಿನ ದಾರಿ ಹಿಡಿದ. ಮಡಿಲಲ್ಲಿ ಆಲ್ಬಮ್ಮಿತ್ತು. ಮೂರು ದುಡ್ಡುಗಳ ಮೇಲೂ ಈಗ ರಾಣಿಯ ಬಾಯಿ ನೆಟ್ಟಗಿತ್ತು. ಹುಬ್ಬಳ್ಳಿ ದಾಟಿದ ಮೇಲೆ ಹಾಳೆಗಳ ನಡುವಿನಿಂದ ಸಣ್ಣ ಧ್ವನಿ ಕೇಳಿತು.

“ಅಪ್ಪಾ, ನೀರು.”

ಸೀಮಾ ತಾಯಿಯ ತೊಡೆಯ ಮೇಲೆ ಕಣ್ಣು ಬಿಟ್ಟು ಮಲಗಿದ್ದಳು. ಮತ್ತೆ ಕೇಳಿತು. “ಅಪ್ಪಾ, ನೀರು.” ನಂದಾ ಕಿವಿ ಮುಚ್ಚಿಕೊಂಡಳು. ಚಾಲಕ ರೇಡಿಯೋ ಹಾಕಲೇ ಎಂದು ಕೇಳಿದ.

ಮೈಲಾರವ್ವ ತಗಡಿನ ಶೆಡ್ಡಿನ ನೆರಳಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಬಾಜೂಕೆ ಹಳೆಯ ಮನೆ ಕೆಡವಿದ ಮಣ್ಣಿನ ಗುಡ್ಡೆ. ಕೂಸಿನ ಮುಖ ನೋಡಿದ ಕೂಡಲೇ ಅವಳ ಕೈ ನಿಂತಿತು.

“ದಾರ ಕೊಯ್ದವರು ಯಾರು?”

“ನಾನ.”

ಮುದುಕಿ ಕಣ್ಣು ಮುಚ್ಚಿ ತೆರೆದಳು. “ನಾನರ ಯಾಕ ಇನ್ನೊಬ್ಬರ ಕೈಗೆ ಕೊಟ್ಟೆ. ನಾನ ಒಯ್ದು ಬೆಂಕಿಗೆ ಹಾಕಬೇಕಿತ್ತು. ನಮ್ಮಜ್ಜ ಅಮೋಘಸಿದ್ದಪ್ಪ ಕಟ್ಟಿದ್ದು ಅದು. ವಾಡೇದ ಗೌಡ ಒಂದು ಖೂನಿ ಮಾಡಿದ್ದ. ಬ್ರಿಟಿಷರ ಕೋರ್ಟಿನ್ಯಾಗ ಸಾಕ್ಷಿ ಹೇಳಾಕ ಮೂರು ಮಂದಿ ನಿಂತಿದ್ರು. ಅವರ ಬಾಯಿ ಕಟ್ಟು ಅಂದ. ರಾಣಿ ಕೋರ್ಟು, ಅದಕ್ಕ ರಾಣಿ ದುಡ್ಡಿನ ಮ್ಯಾಲೇ ಕಟ್ಟಿದ. ಬಾಯಷ್ಟ ಕಟ್ಟತೈತಿ ಅಂದ್ಕೊಂಡಿದ್ದ ನಮ್ಮಜ್ಜ. ಆರನೇ ದಿನಕ್ಕ ಮೂರೂ ಮಂದಿ ಉಸಿರು ಸಿಗದ ಹ್ವಾದ್ರು. ಸತ್ತ ಮ್ಯಾಲೂ ಅದು ಬಿಡಲಿಲ್ಲ, ಮತ್ತ ಬಾಯಿ ಹುಡುಕಾಕ್ಹತ್ತಿತು. ಹೊಸ್ತಿಲದಾಗ ಹುಗದಿಟ್ಟ.”

“ಬಿಚ್ಚಿಕೊಡು ಯವ್ವಾ. ಕಾಲು ಹಿಡೀತೀನಿ.”

“ಕಟ್ಟಿದವನ ಬಿಚ್ಚಬೇಕು. ಅವ ಮಣ್ಣಾಗಿ ಅರವತ್ತು ವರ್ಷಾತು.”

“ಹಂಗಾರ ನನ್ನ ಮಗಳು?”

ಮೈಲಾರವ್ವ ಮತ್ತೊಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿದಳು. ಮೆಣಸಿನಕಾಯಿಯ ಘಾಟಿಗೋ ಏನೋ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಒಂದ ದಾರಿ ಐತಿ. ಈ ಕೂಸಿನ ದುಡ್ಡನ್ನ ಬ್ಯಾರೆ ಯಾರರ ತಾವಾಗೇ ನಾಲಿಗಿ ಕೆಳಗ ಇಟ್ಕೋಬೇಕು. ಒಲಿದು ಕೊಟ್ಟ ಬಾಯಿ ಆದ್ರ ಅದು ಉಸಿರು ಕೇಳೂದಿಲ್ಲ. ಬಾಯಷ್ಟ ತಗೊಂತೈತಿ.”

“ನಾನ ಇಟ್ಕೊಂತೀನಿ. ಈಗಿಂದೀಗ.”

“ನಿನ್ನ ಬಾಯಿ ಅದಕ್ಕ ಬ್ಯಾಡ ತಮ್ಮಾ. ನಮ್ಮಜ್ಜ ಹೋದ ಮ್ಯಾಲೆ ಅದಕ್ಕ ದಿಕ್ಕಿರಲಿಲ್ಲ. ದಾರ ಬಿಚ್ಚಿದವ ನೀನು. ಈಗ ಅದಕ್ಕ ನೀನ ಧಣಿ. ಧಣಿ ಬಾಯಿ ಅದು ಮುಟ್ಟೂದಿಲ್ಲ.”

ನಂದಾ ಸೀಮಾಳ ತಲೆ ನೇವರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಮರಳುವ ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು. “ಇನ್ನ ಮೂರು ದಿನ ಐತಿ, ಹೌದಲ್ರಿ?”

ಮನೆ ಸೇರಿದ ಕೂಡಲೇ ಈರೇಶ ಸೀಮಾಳ ದನಿ ಬರುತ್ತಿದ್ದ ದುಡ್ಡನ್ನು ನಾಲಿಗೆಯ ಕೆಳಗಿಟ್ಟ. ತಾಮ್ರದ ಒಗರು, ಅಷ್ಟೆ. ಬಾಯಿ ಮುಚ್ಚಿ ದೇವರ ಮುಂದೆ ಕೂತ. ಮುಂಜಾನೆ ಬಾಯಿ ತೆರೆದಾಗ ಸಲೀಸಾಗಿ ತೆರೆಯಿತು. ದುಡ್ಡು ಒಣಗಿತ್ತು. ಮಾರನೆಯ ದಿನ ಮತ್ತೆ ಇಟ್ಟ. ನುಂಗಲು ನೋಡಿದ. ಗಂಟಲವರೆಗೆ ಹೋಗಿ ತಾನೇ ಹಿಂದಕ್ಕೆ ಬಂದು ಅಂಗೈಯಲ್ಲಿ ಬಿತ್ತು. ಸುತ್ತಿಗೆಯಿಂದ ಜಜ್ಜಿದ, ಒಳಗಿನಿಂದ ಸೀಮಾ ಚೀರಿದಳು. ಸುತ್ತಿಗೆ ಕೈಬಿಟ್ಟ.

ಐದನೆಯ ದಿನ ಮಗಳ ಹೊಳ್ಳೆಗಳು ಹುಣಸೆಬೀಜದಷ್ಟಾದವು. ನಳಿಕೆ ಬಿಗಿಯಾಯಿತು. ಉಸಿರಾಡುವಾಗ ಸಣ್ಣ ಸಿಳ್ಳೆಯ ಸದ್ದು ಬರುತ್ತಿತ್ತು. ಆ ಸದ್ದು ಮನೆಯ ಎಲ್ಲ ಮೂಲೆಗೂ ಕೇಳಿಸುತ್ತಿತ್ತು. ಈರೇಶನ ತಲೆಯಲ್ಲಿ ಊರಿನ ಮಂದಿಯ ಮುಖಗಳು ಒಂದೊಂದಾಗಿ ಬಂದುಹೋದವು. ನಂದಾಳ ಮುಖ ಬಂದಾಗಲೆಲ್ಲ ಆಚೆ ತಳ್ಳಿದ. ಯಾರು ಕೊಟ್ಟಾರು? ಯಾರದು ಹೋದರೆ ಯಾರೂ ಕೇಳಲಾರರು? ಈ ಎರಡನೆಯ ಪ್ರಶ್ನೆ ಎದ್ದಾಗ ಅವನಿಗೆ ನಾಚಿಕೆಯಾಯಿತು. ಆದರೂ ಕಾಲುಗಳು ಮುಂದಿನ ಪಡಸಾಲೆಗೆ ನಡೆದವು.

ಮಟಮಟ ಮಧ್ಯಾಹ್ನ. ಗೌರಕ್ಕ ಕಂಬಕ್ಕೊರಗಿ ಎಲೆಯಡಿಕೆ ಕುಟ್ಟುತ್ತಿದ್ದಳು.

“ಗೌರಕ್ಕಾ, ಇದನ್ನೊಂದು ಚೂರು ನಾಲಿಗಿ ಕೆಳಗ ಇಟ್ಕೊಂತೀಯೇನು? ಸೀಮಾಗ ಆರಾಮ ಆಗತೈತಂತ.”

ಅವನ ಧ್ವನಿ ಅವನಿಗೇ ಹೊಲಸೆನಿಸಿತು. ಮುದುಕಿ ಕುಟ್ಟಣಿಗೆ ಕೆಳಗಿಟ್ಟಳು. “ಕೊಡಪಾ. ಕೂಸಿಗೆ ಆರಾಮ ಆಗೂದಾದ್ರ ವಿಷಾ ಕೊಟ್ರೂ ನುಂಗತೀನಿ. ನಾ ಇದ್ದರೇನು, ಬಿಟ್ಟರೇನು.” ಸುಕ್ಕುಗಟ್ಟಿದ ಅಂಗೈ ಚಾಚಿದಳು.

ಅವನು ಹೇಳಬೇಕಿತ್ತು. ಹೇಳಲಿಲ್ಲ. ದುಡ್ಡನ್ನು ಮುಂದೆ ಹಿಡಿದ.

“ಗೌರಕ್ಕಾ, ಕೈ ಹಿಂದ ತಗೋರಿ.”

ಬಾಗಿಲಲ್ಲಿ ನಂದಾ ನಿಂತಿದ್ದಳು. ಯಾವಾಗ ಬಂದಳೋ ತಿಳಿಯಲಿಲ್ಲ. ಸೀದಾ ಬಂದು ಅವನ ಬೆರಳಿನಿಂದ ದುಡ್ಡು ಕಸಿದುಕೊಂಡಳು. ಅವನು ಅವಳ ಕೈ ಹಿಡಿದ. ಅವಳು ನೋಡಿದ ನೋಟಕ್ಕೆ ಕೈ ತಾನಾಗಿ ಬಿಟ್ಟುಹೋಯಿತು.

“ಸೀಮಾನ ಊಟದಾಗ ಖಾರ ಹಾಕಬ್ಯಾಡ್ರಿ,” ಎಂದಳು. “ಹಟಾ ಮಾಡ್ತಾಳ. ಬಡೀಬ್ಯಾಡ್ರಿ.”

ಆಮೇಲೆ ದುಡ್ಡನ್ನು ಬಾಯಿಗಿಟ್ಟಳು.

ಏನೂ ಆಗಲಿಲ್ಲ. ಒಂದು ಗಳಿಗೆ. ಎರಡು ಗಳಿಗೆ. ಹೊರಗೆ ಕಾಗೆ ಕೂಗಿತು. ಸುಟ್ಟ ಕೂದಲಿನ ವಾಸನೆ ಎದ್ದಿತು. ನಂದಾಳ ಕಣ್ಣು ಅಗಲವಾದವು. ತುಟಿಯ ಗೆರೆ ತೆಳುವಾಯಿತು. ಇನ್ನೂ ತೆಳುವಾಯಿತು. ಎಡತುದಿ ಅಳಿಸಿತು. ಬಲತುದಿ ಅಳಿಸಿತು. ನಡುವಿನದೂ ಅಳಿಸಿತು. ಗೌರಕ್ಕ ಚೀರಿದಳು. ಒಳಗಿನಿಂದ ನಳಿಕೆ ನೆಲಕ್ಕೆ ಬಿದ್ದ ಸದ್ದು. ಕೆಮ್ಮು. ಆಮೇಲೆ ಎಳೆಯ, ಒಡೆದ ಧ್ವನಿ.

“ಅವ್ವಾ! ಅವ್ವಾ, ನೀರು!”

ನಂದಾ ಓಡಿದಳು. ಮಗಳನ್ನು ಎತ್ತಿ ಎದೆಗವಚಿಕೊಂಡಳು. ಅವಳ ಭುಜಗಳು ಅಲುಗಾಡುತ್ತಿದ್ದವು. ಅಳುವಿನ ಸದ್ದು ಬರಲಿಲ್ಲ.

ಮೈಲಾರವ್ವ ಹೇಳಿದಂತೆಯೇ ಆಯಿತು. ಉಸಿರು ಉಳಿಯಿತು. ವೈದ್ಯರು ಹೊಟ್ಟೆಗೆ ನಳಿಕೆ ಹಾಕಿಕೊಟ್ಟರು, ದಿನಕ್ಕೆ ನಾಲ್ಕು ಸಲ ಅದರಲ್ಲೇ ಗಂಜಿ ಹಾಲು. ಚರ್ಮ ಕೊಯ್ದು ಬಾಯಿ ಮಾಡಲು ಎರಡು ಸಲ ನೋಡಿದರು, ಎರಡು ಸಲವೂ ಸಂಜೆಯೊಳಗೆ ಕೂಡಿಕೊಂಡಿತು. ನಂದಾ ಶಾಲೆಯ ಕೆಲಸ ಬಿಟ್ಟಳು. ಮುಖಕ್ಕೆ ಸೆರಗು ಸುತ್ತಿಕೊಂಡು ಒಳಗೇ ಉಳಿದಳು. ಸೀಮಾಳ ಜಡೆ ಹಾಕುತ್ತಿದ್ದಳು, ಪಾಠಕ್ಕೆ ಪಾಟಿಯ ಮೇಲೆ ಅಕ್ಷರ ಬರೆದುಕೊಡುತ್ತಿದ್ದಳು. ಗಂಡನಿಗಾಗಿ ಮಾತ್ರ ಆ ಪಾಟಿಯ ಮೇಲೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಅವನು ಕಾಲ ಬಳಿ ಕೂತು, ಬೈದಾದರೂ ಬರೆ ಎಂದು ಬೇಡಿಕೊಂಡ. ಅವಳು ಬಳಪವನ್ನು ಸೀಮಾಳ ಕೈಗೆ ಕೊಟ್ಟು ಎದ್ದು ಹೋದಳು.

ಈರೇಶ ಉಳಿದ ಎರಡು ದುಡ್ಡುಗಳನ್ನು, ಆರು ವರ್ಷ ಕಾದು ತುಂಬಿಸಿದ ಆ ಇಸವಿಯದನ್ನೂ ಸೇರಿಸಿ, ಕುಲುಮೆಗೆ ಹಾಕಿ ಕರಗಿಸಿದ. ಮಿಕ್ಕ ಸಂಗ್ರಹವನ್ನೂ ಅದರೊಂದಿಗೆ ಹಾಕಿದ, ಕಂಪನಿಯದೂ, ರಾಜನದೂ. ಎಲ್ಲ ಮುಗಿಯಿತೆಂದುಕೊಂಡ. ಮೂರನೆಯ ದುಡ್ಡು ನಂದಾಳ ಬಾಯೊಳಗೇ ಉಳಿದಿತ್ತು.

ಊರಿಗೆ ಸುದ್ದಿ ಹಬ್ಬಿತ್ತು. ನಾಲ್ಕು ತಿಂಗಳ ನಂತರ ಒಂದು ಸಂಜೆ ಸುಭಾಸ ಎಂಬ ಕಮತದವನು ಅಂಗಡಿಗೆ ಬಂದ. ಕುಂದಗೋಳ ಕೋರ್ಟಿನಲ್ಲಿ ಅವನದೊಂದು ಹೊಲದ ವ್ಯಾಜ್ಯವಿತ್ತು. ಗಿರಾಕಿಗಳು ಹೋಗುವ ತನಕ ಕಾದು, ಮೇಜಿನ ಮೇಲೆ ಚೀಟಿಯೊಂದನ್ನು ಇಟ್ಟ. ಅದರಲ್ಲಿ ಒಂದು ಹೆಸರಿತ್ತು.

“ಇವಾ ನಾಳಿದ್ದು ನನ್ನ ವಿರುದ್ಧ ಸಾಕ್ಷಿ ಹೇಳಾವ. ಬಾಯಿ ಕಟ್ಟಿಬಿಡ್ರಿ. ನಿಮಗ ಬರತೈತೆಂತ ಊರಾಗೆಲ್ಲಾ ಅಂತಾರ.”

“ನನಗೇನೂ ಬರೂದಿಲ್ಲ. ಹೋಗು.”

“ಹೆಂಡ್ತಿ ಬಾಯಿ ಕಟ್ಟಾಕ ಬರತೈತಿ, ಇದಕ್ಕ ಬರೂದಿಲ್ಲೇನು?” ಸುಭಾಸ ನಕ್ಕ. “ಚಲೋ ಮಾಡೀರಿ ಬಿಡ್ರಿ, ಅಕ್ಕಾರ ದನಿ ಭಾಳ ಜೋರಿತ್ತು...”

ಈರೇಶನ ನೆತ್ತಿಗೆ ರಕ್ತ ಏರಿತು. ಮೇಜು ಗುದ್ದಿ ಕೂಗಿದ.

“ಬಾಯಿ ಮುಚ್ಚಲೇ!”

ಸುಭಾಸನ ಬಾಯಿ ಮುಚ್ಚಿತು.

ಹಲ್ಲಿಗೆ ಹಲ್ಲು ತಾಗಿದ ಸದ್ದು ಕೇಳಿತು. ಸುಭಾಸ ಮೊದಲು ಬೆರಗಾದ. ಎರಡೂ ಕೈಯಿಂದ ದವಡೆ ಹಿಡಿದು ಎಳೆದ. ಆಮೇಲೆ ಮೇಜಿಗೆ ಮುಖ ಜಜ್ಜಿಕೊಂಡ. ಈರೇಶ ಅವನ ಭುಜ ಹಿಡಿದು ಅಲುಗಾಡಿಸಿದ. “ತಗಿ! ಬಾಯಿ ತಗಿ! ನಾನ ಹೇಳ್ತೀನಿ, ತಗಿ!” ಕಟ್ಟುವ ಮಾತನ್ನಷ್ಟೇ ಅದು ಕೇಳಿತು. ಬಿಚ್ಚುವ ಮಾತು ಕೇಳಲಿಲ್ಲ. ಸುಟ್ಟ ಕೂದಲಿನ ವಾಸನೆ ಅಂಗಡಿ ತುಂಬಿತು. ಸುಭಾಸ ಬೀದಿಗೆ ಬಿದ್ದು, ಎದ್ದು, ಮನೆಯ ಕಡೆ ಓಡಿದ.

ಆರನೆಯ ದಿನ ಮುಂಜಾನೆ ಸಂಶಿಯ ಬೀದಿಯಲ್ಲಿ ಹಲಗೆ ಬಾರಿಸುತ್ತ ಹೆಣ ಒಯ್ದರು. ಈರೇಶ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕತ್ತಲಲ್ಲಿ ನಿಂತಿದ್ದ. ಸುಭಾಸನ ಹೆಂಡತಿ ಹೆಣದ ಹಿಂದೆ ಎದೆ ಬಡಿದುಕೊಂಡು ಹೋದಳು. ಅವಳು ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ. ಹೆದರಿದ್ದಳು.

ಅಂದಿನಿಂದ ಅವನು ಮಾತು ಬಿಟ್ಟ.

ಅಂಗಡಿಯಲ್ಲಿ ಔಷಧದ ಚೀಟಿ ನೋಡುತ್ತಾನೆ, ಗುಳಿಗೆ ಕೊಡುತ್ತಾನೆ, ಬೆರಳಲ್ಲಿ ಲೆಕ್ಕ ತೋರಿಸುತ್ತಾನೆ. ನಿದ್ದೆಯಲ್ಲಿ ಏನಾದರೂ ಅಂದುಬಿಟ್ಟರೆ ಎಂಬ ಭಯಕ್ಕೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಿನ ಕೋಣೆಯಲ್ಲಿ ಮಲಗುತ್ತಾನೆ.

ಮನೆಯಲ್ಲಿ ಈಗ ಸೀಮಾ ಒಬ್ಬಳದೇ ಧ್ವನಿ. ಊಟದ ಹೊತ್ತಿಗೆ ಅವ್ವನ ಮುಖ ನೋಡುತ್ತಾಳೆ, ಅಪ್ಪನ ಮುಖ ನೋಡುತ್ತಾಳೆ. ಶಾಲೆಯ ಸುದ್ದಿಯೆಲ್ಲ ಹೇಳುತ್ತಾಳೆ. ಒಂದೊಂದು ದಿನ ಹಟ ಮಾಡುತ್ತಾಳೆ, ತಾಟು ನೂಕುತ್ತಾಳೆ, ಕಿರುಚುತ್ತಾಳೆ. ಅಂಥ ಹೊತ್ತಿನಲ್ಲಿ ಯಾವ ಅಪ್ಪನ ಬಾಯಿಗಾದರೂ ಬರುವ ಎರಡು ಮಾತು ಈರೇಶನ ನಾಲಿಗೆಯ ತುದಿಗೂ ಬರುತ್ತವೆ. ಅವನು ಧಡಕ್ಕನೆ ಎದ್ದು, ಅಂಗೈಯನ್ನು ಬಾಯಿಗೊತ್ತಿಕೊಂಡು ಅಂಗಳಕ್ಕೆ ಓಡುತ್ತಾನೆ.

“ಅಪ್ಪಾ, ಎಲ್ಲಿ ಹೋಗ್ತಿ?” ಸೀಮಾ ಬಾಗಿಲಿನ ತನಕ ಹಿಂದೆ ಬರುತ್ತಾಳೆ. “ನೀನರ ಒಂದು ಮಾತಾಡು ಅಪ್ಪಾ. ಒಂದ ಮಾತು.”

ಅವನು ಗೋಡೆಯ ಕಡೆ ಮುಖ ಮಾಡಿ, ಕೈ ತೆಗೆಯದೆ, ಇಲ್ಲವೆಂದು ತಲೆಯಾಡಿಸುತ್ತಾನೆ.